ಎರಡು ಗೆರೆ

ಬೆಳಂಬಾರದಲ್ಲಿ ಬಸ್ಸಿಳಿದಾಗ ಗಂಟೆ ಹತ್ತು.
ಚೀಲದಲ್ಲಿ ಇಪ್ಪತ್ತು ಪಟ್ಟಿ, ದ್ರಾವಣದ ಶೀಶೆ,
ಒಂದು ಪುಟ್ಟ ಕುಟ್ಟಾಣಿ.
ಎಲೆಯಡಿಕೆ ಮಾರುವವಳೆಂದು ಯಾರೋ ಕೂಗಿ ಕರೆದರು ಕೂಡ.

ಹೊನ್ನಿಯ ಹಿತ್ತಿಲು ಗದ್ದೆಗೂ ಉಪ್ಪುಗಾಳಿಗೂ ನಡುವೆ.
ಹರಿವೆ, ಬದನೆ, ಬೇಲಿಗೆ ಹಾಗಲ,
ಬಾವಿಯ ಪಕ್ಕ ಹದಿನೇಳು ಬುಡ ಕರಿಬಾಳೆ.
"ಇದಕ್ಕೆಂತ ರೋಗ?
ನಮ್ಮತ್ತೆ ಕೊಟ್ಟ ಕಂದು ಇದು.
ಅವಳಿಗೆ ಅವಳತ್ತೆ."

ನಿಜ. ಈ ಕಡೆ ಬಾಳೆಯನ್ನು ಯಾರೂ ಕೊಳ್ಳುವುದಿಲ್ಲ.
ಮದುವೆಯಾದವಳ ಬೆನ್ನಿಗೆ ಹೋಗುತ್ತದೆ,
ಬಂಗಡೆಗೆ ಬದಲಾಗಿ ಹೋಗುತ್ತದೆ,
ಜಗಳ ಮುಗಿದ ಮರುದಿನ ಬೇಲಿ ದಾಟುತ್ತದೆ.
ನಂಜೂ ಹಾಗೇ ಹೋಗುತ್ತದೆ,
ಅದೇ ಬುಟ್ಟಿಯಲ್ಲಿ, ಅದೇ ಮಣ್ಣು ಮೆತ್ತಿಕೊಂಡು,
ತಿಂಗಳುಗಟ್ಟಲೆ ಮಾತಾಡದೆ.

ಎಲೆಯ ದಂಟನ್ನು ಬೆಳಕಿಗೆ ಹಿಡಿದೆ.
ಕಡುಹಸಿರು ಚುಕ್ಕೆ, ಗೀಟು, ಮತ್ತೆ ಚುಕ್ಕೆ.
ಇತ್ತೋ, ನನ್ನ ಕಣ್ಣಿನ ದಣಿವೋ.
ಚೂರು ಹರಿದು ಅರೆದೆ,
ರಸದಲ್ಲಿ ಪಟ್ಟಿಯ ತುದಿ ಅದ್ದಿ ಕಾದೆ.
ದೂರದಲ್ಲಿ ಗೂಡ್ಸ್ ರೈಲೊಂದು ಹೋಗಿಯೇ ಹೋಯಿತು.

ಮೊದಲ ಗೆರೆ, ಪಟ್ಟಿ ಸರಿಯಿದೆ ಎಂದು.
ಎರಡನೆಯದು
ಕರೆಯದ ಮನೆಗೆ ಬಂದವರ ಹಾಗೆ
ಹೊಸಿಲಲ್ಲಿ ನಿಂತು ನಿಂತು ಕೆಂಪಾಯಿತು.

ಸೊಸೆ ಜಾನಕಿ ಇಣುಕಿ ಹಿಗ್ಗಿದಳು:
"ಎರಡು ಗೆರೆ! ಒಳ್ಳೇ ಸುದ್ದಿ ಅಲ್ದ್ರಾ ಅಕ್ಕೋರೆ?
ನಂಗೂ ಹಿಂಗೇ ಬಂದಿತ್ತು."
ಕೈ ತನ್ನಷ್ಟಕ್ಕೇ ಹೊಟ್ಟೆಯ ಮೇಲೆ.

ಕಂದು.
ಬಾಳೆಯ ಮರಿಗೂ ಅದೇ ಮಾತು, ಬಾಡುವುದಕ್ಕೂ ಅದೇ.
ಯಾವುದನ್ನು ಹೇಳಲಿ ಈ ಹುಡುಗಿಗೆ?

ಹೇಳಿದೆ.
ಬುಡಸಮೇತ ಕೀಳಬೇಕು, ಮರಿಗಳನ್ನೂ.
ಇನ್ನು ಯಾರಿಗೂ ಕೊಡಬಾರದು.

ಹೊನ್ನಿ ಪಟ್ಟಿಯನ್ನು ನೋಡಲೇ ಇಲ್ಲ.
ಬೆರಳು ಮಡಚತೊಡಗಿದಳು:
ಹಾರವಾಡದ ಮಗಳಿಗೆ ಎರಡು,
ಮೀನಿನ ಕುಸುಮಳಿಗೆ ಒಂದು,
ಶಾಲೆಯ ಅಡುಗೆಯವಳಿಗೆ ಮೂರೋ ನಾಲ್ಕೋ,
ತಪ್ಪಿತು, ಮತ್ತೆ ಮೊದಲಿಂದ.
ಕೊಟ್ಟದ್ದಕ್ಕೆ ಲೆಕ್ಕವಿಟ್ಟವಳಲ್ಲ.

"ಆ ಪಟ್ಟಿ ಇನ್ನೆಷ್ಟದೆ?"
ಹತ್ತೊಂಬತ್ತು.
ಕತ್ತಿಗೆ ಕೈಹಾಕುತ್ತಾಳೆ ಅಂದುಕೊಂಡೆ.
ಚಪ್ಪಲಿ ಮೆಟ್ಟಿದಳು.

"ಇಲ್ಲಿದ್ದದ್ದು ಓಡಿಹೋಗೂದಿಲ್ಲ.
ನಡಿ, ಮೊದ್ಲು ಹಾರವಾಡ."