ನಡುಮನೆ ಬಿಟ್ಟು

ವನಾದ್ಜೋರ್, ಫೆಬ್ರವರಿ. ಹಳೆಯ ಅಂಚೆ ಕಚೇರಿಯ ಮೇಲಂತಸ್ತು,
ನಾಲ್ಕನೇ ಮೇಜು. ಹೀಟರಿನಲ್ಲಿ ಒಂದೇ ಕಡ್ಡಿ ಕೆಂಪಗಿದೆ.
ಹ್ರಿಪ್ಸಿಮೆ ಕೈಗವಸು ಕಳಚಿ
ಸಿ ಸಾಲಿನ ಕಾಲಾಳನ್ನು ಎರಡು ಮನೆ ನೂಕಿ
ಗಡಿಯಾರ ಒತ್ತಿದಳು.

ಎದುರು ಖೋರೆನ್. ಹದಿನಾರು ತುಂಬಿಲ್ಲ, ಪ್ರಾಂತ್ಯಕ್ಕೇ ಮೊದಲಿಗ.
ಕೈಗಿಂತ ಕಾಲು ಹೆಚ್ಚು ಆಡುತ್ತದೆ ಮೇಜಿನಡಿ.
ನಡುಮನೆ ಖಾಲಿ ಇದೆಯಲ್ಲ,
ಅಂದುಕೊಂಡವನೇ ಇಬ್ಬರು ಕಾಲಾಳುಗಳನ್ನು ತಂದು
ಜೋಡಿ ಗಾದಿ ಹಾಸಿ ಕೂರಿಸಿದ.

ಕೂರಲಿ.
ಮೂವತ್ತು ವರ್ಷ ಹೊಲಿಗೆ ಕಾರ್ಖಾನೆಯಲ್ಲಿ
ಬರೀ ಅಂಚು ಹೊಲಿದವಳು ಅವಳು;
ಬಟ್ಟೆ ಬಿಚ್ಚಿಕೊಳ್ಳುವುದು ಎಲ್ಲಿಂದ ಅಂತ
ಯಾರೂ ಹೇಳಿಕೊಡಬೇಕಿಲ್ಲ.

ನಾವು ಒಂಟೆ ಎನ್ನುವುದು ಅವರ ಮಾತಿನಲ್ಲಿ ಆನೆ,
ನಮ್ಮ ಆನೆ ಅಲ್ಲಿ ದೋಣಿ:
ಕಡಲಿಲ್ಲದ ನಾಡಿನಲ್ಲಿ ಮಣೆಗೆ ನಾಲ್ಕು ದೋಣಿ!
ಅವಳ ಆನೆ ರಾಜನ ಪಕ್ಕದ ಗೂಡಿನಲ್ಲಿ ನಿಂತು
ಓರೆಯಾಗಿ, ಗಾದಿಗಳ ಆಚೆ,
ಎದುರು ಮೂಲೆಯಲ್ಲಿ ಕಟ್ಟಿದ ದೋಣಿಯನ್ನೇ
ನೋಡುತ್ತದೆ. ಹನ್ನೆರಡು ನಡೆ. ಬರೀ ನೋಡುತ್ತದೆ.

ಆರು ನಲವತ್ತು.
ಸ್ಪಿತಾಕಿಗೆ ಕೊನೆಯ ವ್ಯಾನು ಏಳಕ್ಕೆ.
ಹುಡುಗನಿಗೂ ಅದು ಗೊತ್ತು.
"ಡ್ರಾ?" ಅಂದ ಮೆತ್ತಗೆ,
ಅಜ್ಜಿಗೆ ಸೀಟು ಬಿಟ್ಟುಕೊಡುವ ದನಿಯಲ್ಲಿ.

ಆ ದನಿಯೇ ಕೆಡಿಸಿತು.
ಅವಳು ಬಿ ಸಾಲಿನ ಕಾಲಾಳನ್ನು
ಒಂದು ಮನೆ ಮುಂದಿಟ್ಟಳು.

ಆಮೇಲೆ ಅಂಚು ಬಿಚ್ಚಿತು. ನೂಲು ಹಿಡಿದು ಎಳೆದಂತೆ
ಒಂದು ಕಾಲಾಳು ಹೋಯಿತು, ಅದಕ್ಕೆ ಒರಗಿದ್ದ ಕುದುರೆ ಹೋಯಿತು,
ನಡುಮನೆಯ ಗಾದಿ ಯಾರೋ ಮಡಿಚಿಟ್ಟ ಹಾಗಾಯಿತು.
ಹುಡುಗನ ಕಾಲು ನಿಂತಿತು.
ಕೆಳಗೆ ಬೀದಿಯಲ್ಲಿ ವ್ಯಾನು ಎರಡು ಸಲ ಹಾರನ್ ಹೊಡೆದು
ಹೋಯಿತು, ಅದೂ.

ಗೆಲ್ಲಬೇಕಿತ್ತು. ಐವತ್ತೊಂದನೇ ನಡೆಗೆ
ಮರಗಟ್ಟಿದ ಬೆರಳು ಬೇರೆ ದೋಣಿಯನ್ನು ಮುಟ್ಟಿತು;
ಮುಟ್ಟಿದ್ದನ್ನು ಆಡಲೇಬೇಕು.
ಎಂಟು ಗಂಟೆಗೆ ಮಣೆಯ ಮೇಲೆ ಎರಡು ರಾಜರು,
ಮಾತು ಮುಗಿದೂ ಎದ್ದುಹೋಗದ ನೆಂಟರ ಹಾಗೆ.
ಅರ್ಧ ಅವನಿಗೆ, ಅರ್ಧ ಇವಳಿಗೆ.

ಖೋರೆನನ ಅಪ್ಪನ ಹಳೇ ಲಾಡಾ. ಹಿಂದಿನ ಸೀಟಿನಲ್ಲಿ
ಆಲೂಗಡ್ಡೆ ಚೀಲ, ಪಕ್ಕದಲ್ಲಿ ಹ್ರಿಪ್ಸಿಮೆ.
ಹುಡುಗ ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿಯೇ ಕೂತಿದ್ದಾನೆ.
"ಹತ್ತೊಂಬತ್ತರಲ್ಲಿ ನಾನು ನಡುವೆ ನೂಕಿದ್ದರೆ?"
"ಆನೆ ಬರುತ್ತಿತ್ತು."
"ಬಂದಿದ್ದರೆ?"
ಅವಳು ಕೈಗವಸು ಹುಡುಕುತ್ತ ಅಂದಳು,
"ಆ ಬಾಗಿಲು ಸರಿಯಾಗಿ ಹಾಕಿದೆಯೇನೋ ನೋಡು.
ಬದಿಯಿಂದ ಗಾಳಿ ಬರ್ತಿದೆ."