ಮುಚ್ಚಿತಾ?

ಟಾರ್ಟು ಊರಿನ ರೀಯಾ ರಸ್ತೆಯಲ್ಲಿ ಅಂಗಡಿ.
ಇಪ್ಪತ್ತೊಂದು ವರ್ಷದಿಂದ ಅಡುಗೆಮನೆ ಮಾರುತ್ತೇನೆ,
ಅಡುಗೆ ಬಾರದು.
ಬಿಳಿ ಎಂದರೆ ನಮ್ಮಲ್ಲಿ ಹನ್ನೊಂದು:
ಹಾಲು, ಸುಣ್ಣ, ಮೊಟ್ಟೆಯ ಚಿಪ್ಪು, ನಿನ್ನೆ ಬಿದ್ದ ಹಿಮ,
ಮೊನ್ನೆ ಬಿದ್ದದ್ದು...
ಗಂಡ ಹೆಂಡಿರು ಜಗಳವಾಡದೆ ಐದನೆಯದನ್ನು ದಾಟಿದ್ದು
ನಾನಂತೂ ಕಂಡಿಲ್ಲ.

ಫೆಬ್ರವರಿಯ ಒಂದು ಮಂಗಳವಾರ ಹೆಲ್ವೆ ಬಂದರು.
ಬೂಟಿನ ಹಿಮ ಕೊಡವಿ, ಬಿಳಿ ಕೋಲು ಮಡಚಿ ಚೀಲಕ್ಕಿಟ್ಟು,
ಗಂಡ ಊರ್ಮಸ್ಸರ ಮೊಣಕೈ ಹಿಡಿದು.
ಬಣ್ಣದ ಬಿಲ್ಲೆಗಳ ಗೊಂಚಲು ಎತ್ತಿದ ನನ್ನ ಕೈ
ಅಲ್ಲೇ ನಿಂತಿತು.
ಗಲಗಲ ಕೇಳಿಸಿತ್ತು ಅವರಿಗೆ.
"ಅದನ್ನು ಇವರಿಗೆ ತೋರಿಸಿ. ನನಗೆ ಮರ ಕೊಡಿ."

ಕೊಟ್ಟೆ. ಓಕ್, ಭೂರ್ಜ, ಪೈನ್,
ಮರವೆಂದು ಸುಳ್ಳು ಹೇಳುವ, ಕಾಗದ ಮೆತ್ತಿದ ಹಲಗೆ.
ಗೆಣ್ಣಿನಿಂದ ಬಡಿದರು ಒಂದೊಂದನ್ನೂ,
ಆಗಸ್ಟಿನ ಸಂತೆಯಲ್ಲಿ ಕಲ್ಲಂಗಡಿ ಬಡಿಯುವ ಹಾಗೆ.
ಕಾಗದದ್ದಕ್ಕೆ ಬಂದಾಗ ಏನೂ ಅನ್ನಲಿಲ್ಲ,
ವಾಪಸು ಕೊಟ್ಟು ಕೈ ಒರೆಸಿಕೊಂಡರು.

ಆಮೇಲೆ ನನ್ನ ದೊಡ್ಡ ಜಾದೂ.
ಬಾಗಿಲನ್ನು ಜೋರಾಗಿ ತಳ್ಳಿಬಿಡುವುದು:
ಬಡಿಯಿತು ಅನ್ನುವಷ್ಟರಲ್ಲಿ, ಕೊನೆಯ ನಾಲ್ಕು ಬೆರಳಗಲದಲ್ಲಿ
ತನಗೇ ನಾಚಿಕೆಯಾದಂತೆ ನಿಧಾನಿಸಿ
ಮೆತ್ತಗೆ ಒರಗುತ್ತದೆ.
ಇಲ್ಲಿ ಎಲ್ಲರೂ ನಗುತ್ತಾರೆ. ಪೆನ್ನು ಹೊರಬರುತ್ತದೆ.
ಹೆಲ್ವೆ ಕಾದರು.
ಕತ್ತು ಒಂದಿಷ್ಟು ವಾಲಿಸಿ, ಕಾದರು.
"ಮುಚ್ಚಿತಾ?"
ಮುಚ್ಚಿತು.
"ಯಾವಾಗ?"

ಹುಬ್ಬಿನ ಮೇಲೊಂದು ಕಲೆ ಮುಟ್ಟಿ ತೋರಿಸಿದರು:
ತಂಗಿಯ ಮನೆಯದು, ಇಂಥದೇ ನಾಚಿಕೆಯ ಬಾಗಿಲು,
ಮುಚ್ಚಿದೆ ಅಂದುಕೊಂಡರೆ ಅರ್ಧ ತೆರೆದಿತ್ತು.
"ನಮ್ಮ ಹಳೆಯದರಲ್ಲಿ ಹಿಟ್ಟಿನದು ಟಪ್ ಅನ್ನುತ್ತೆ,
ಲೋಟದ್ದು ಟಕ್. ಸಿಂಕಿನ ಕೆಳಗಿನದು
ಗೊಣಗದೆ ಮುಚ್ಚದು, ನಮ್ಮತ್ತೆಯ ಹಾಗೆ.
ರಾತ್ರಿ ಎರಡಕ್ಕೆ ಜಾಮಿನದು ಉಸ್ಸೆಂದರೆ
ಪಕ್ಕದಲ್ಲಿ ಕೈಯಾಡಿಸಿ ನೋಡಬೇಕಿಲ್ಲ ನಾನು."
ಊರ್ಮಸ್ ತಮ್ಮ ಬೂಟು ನೋಡಿಕೊಂಡರು.

ಮೌನಕ್ಕೆ ದುಡ್ಡು ಕೊಡುತ್ತಾರೆ ಜನ,
ಸದ್ದಿಗೆ ಎಷ್ಟು ಹಾಕಲಿ? ಪಟ್ಟಿಯಲ್ಲಿಲ್ಲ.
ಗೋದಾಮಿನ ಮೂಲೆಯಲ್ಲಿ ಹಳೇ ಕೀಲು ಒಂದು ಡಬ್ಬ ಸಿಕ್ಕಿತು,
ತುಕ್ಕು ಹಿಡಿಯಲು ಇನ್ನೂ ನಾಲ್ಕು ದಿನ ಬಾಕಿ.

ಹಿಡಿಕೆ? ಹದಿಮೂರು ಬಾಗಿಲಿಗೆ ಹದಿಮೂರು ಥರ.
ಪಿಂಗಾಣಿ ಗುಂಡು, ತೊಗಲಿನ ಪಟ್ಟಿ, ಹಿತ್ತಾಳೆಯ ಚಿಪ್ಪು,
ಒಂದಕ್ಕೆ ಬರೀ ಗಂಟು ಹಾಕಿದ ಹಗ್ಗ.
ಕಂಪ್ಯೂಟರಿನಲ್ಲಿ ಜೋಡಿಸಿದರೆ
ಹಲ್ಲು ಬಿದ್ದು ಹಲ್ಲು ಹುಟ್ಟುವ ಆರು ವರ್ಷದ ಬಾಯಿ.
ಕಣ್ಣಿಗೆ ನೋವಾಯಿತು. ನನ್ನ ಕಣ್ಣಿಗೆ ತಾನೆ.

ಬಣ್ಣದ ಮುಂದೆ ಊರ್ಮಸ್ ಒಬ್ಬರೇ ಮುಕ್ಕಾಲು ಗಂಟೆ,
ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು.
"ಯಾವುದು ಆರಿಸಿದೆ?"
"ನಿನ್ನ ಸೈಕಲ್ಲಿನ ಹಸಿರು."
ಹತ್ತೊಂಬತ್ತರವರೆಗೆ ಕಣ್ಣಿತ್ತಂತೆ;
ಅಲ್ಲಿಯ ತನಕದ ಬಣ್ಣವೆಲ್ಲ ಒಳಗೆ ಭದ್ರ.
ಹೆಲ್ವೆ ಸುಮ್ಮನಿದ್ದು ಅಂದರು:
"ಅಡುಗೆಮನೆಗೆ ಅದು ವಿಪರೀತ ಹಸಿರಲ್ಲವಾ?"
ಜಗಳ ಶುರುವಾಯಿತು.
ನನಗೆ ಸಮಾಧಾನವಾಯಿತು.

ಏಪ್ರಿಲಿನಲ್ಲಿ ಕೂರಿಸಲು ಹೋದೆ.
ನಡುವೆ ನಿಂತು ಒಂದೊಂದನ್ನೇ ಮುಚ್ಚಿಸಿದರು.
"ಏಳು, ಒಂಬತ್ತು, ಎರಡೂ ಅವಳಿ."
ಒಂಬತ್ತರ ಸ್ಕ್ರೂ ಕಾಲು ಸುತ್ತು.
ಇನ್ನೊಂದು ಕೂದಲೆಳೆ.
"ಹಾಂ. ಈಗ ಇದಕ್ಕೆ ಬೇರೆ ಹೆಸರು."

ನನ್ನ ಮನೆಯ ಅಡುಗೆಮನೆ ಅಂಗಡಿಗೇ ಹೆಮ್ಮೆ,
ಇಪ್ಪತ್ತೆರಡು ಬಾಗಿಲು, ಒಂದಕ್ಕೂ ಬಾಯಿಲ್ಲ.
ಬೆಳಿಗ್ಗೆ ಎದ್ದರೆ ಬಿಸ್ಕತ್ತಿನ ಡಬ್ಬ ಖಾಲಿ;
ಯಾರಿಗೆ ನಿದ್ದೆ ಬರಲಿಲ್ಲ, ಎಷ್ಟು ಹೊತ್ತು ಕೂತಿದ್ದರು,
ತಿಳಿಯದು.
ಆ ಭಾನುವಾರ ಕಾಫಿ ಇಡುವ ಕಪಾಟಿನ
ಡ್ಯಾಂಪರ್ ಕಿತ್ತು ಜೇಬಿಗೆ ಹಾಕಿಕೊಂಡೆ.
ಟಪ್.
"ಯಾರದು?" ಎಂದಳು ಕೈಸಾ, ಮಲಗುವ ಕೋಣೆಯಿಂದ.
ನಾನು, ಎಂದೆ.