ಯಾವ ವಂಶದ್ದು

ಬಾ, ಸೆ-ಯುನ್, ಈ ಪ್ಲಾಸ್ಟಿಕ್ ಸ್ಟೂಲು ನಿನ್ನದೇ,
ಒಂದು ಕಾಲು ಮುರಿದಿದೆ, ಗೋಡೆಗೆ ಆನಿಸಿ ಕೂರು.
ಯೊಸುವಿನ ಚಳಿ ಈ ಸಲ ಬೆರಳ ಸಂದಿಗೇ ಬಂದು ಕೂತಿದೆ.
ಈ ಬುಟ್ಟಿಯಲ್ಲಿ ಗೇಬುಲ್,
ನಸುಗೆಂಪು, ನುಣ್ಣಗೆ, ಉಬ್ಬಿ ಇಳಿಯುವ ಹುಳು.
ಹೊಸದಾಗಿ ಮದುವೆಯಾದವರು ನೋಡಿ ನಗುತ್ತಾರೆ,
ಮುದುಕರು ನೋಡದೆ ಕೊಳ್ಳುತ್ತಾರೆ.

ನೆನಪಿದೆಯೇ, ನೀನು ಕಾಲೇಜಿನ ಹುಡುಗಿ ಆಗ,
ಮೊಣಕಾಲವರೆಗೆ ಕೆಸರು, ಕೈಯಲ್ಲಿ ಗಾಜಿನ ಸೀಸೆ.
ಹುಳು ಅಂತ ಒಂದು ಜಾತಿಯೇ ಇಲ್ಲ ಚಿಕ್ಕಮ್ಮ, ಅಂದಿದ್ದೆ.
ಉದ್ದಕ್ಕೆ ಮೆತ್ತಗೆ ಇದ್ದು ಕಾಲಿಲ್ಲದಿದ್ದರೆ
ಜನ ಇಟ್ಟುಬಿಡುವ ಅಡ್ಡಹೆಸರು ಅದು.
ಪಕ್ಕದಂಗಡಿಯ ಯಾಂಗ್‌ಜಾ ಬೇಯಿಸುತ್ತಿದ್ದ ರೇಷ್ಮೆಹುಳು ತೋರಿಸಿ
ಅದು ಹುಳುವೇ ಅಲ್ಲ, ಪತಂಗದ ಕೂಸು, ಅಂದೆ.
ಯಾಂಗ್‌ಜಾ ಸೌಟು ಎತ್ತಿ ಗದರಿದಳು:
ಪತಂಗ ಅಂತ ಬೋರ್ಡು ಹಾಕಿದರೆ ಯಾರೇ ತಿನ್ನುತ್ತಾರೆ!

ಆಮೇಲೆ ನನ್ನ ಒದ್ದೆ ಹಲಗೆಯ ಮೇಲೆ ಬೆರಳಲ್ಲಿ ಬರೆದೆ.
ಚಪ್ಪಟೆ ಹುಳುಗಳ ಮನೆ ಇಲ್ಲಿ,
ತಿನ್ನುವುದಕ್ಕೂ ಹೊರಹಾಕುವುದಕ್ಕೂ ಒಂದೇ ಬಾಗಿಲು.
ದುಂಡು ಹುಳುಗಳದು ಅಲ್ಲಿ,
ಅಂಗಿ ಬಿಗಿಯಾದರೆ ಕಳಚಿ ಬಿಸಾಡುವವು,
ಅವಕ್ಕೆ ಎರೆಹುಳುವಿಗಿಂತ ಏಡಿಯೇ ಹತ್ತಿರದ ನೆಂಟ.
ಉಂಗುರ ಉಂಗುರ ಪೋಣಿಸಿದ ಮೈಯವು ಇನ್ನೊಂದು ವಂಶ:
ಎರೆಹುಳು, ಜಿಗಣೆ, ನನ್ನ ಗಂಡ ಗಾಳಕ್ಕೆ ಸಿಕ್ಕಿಸುವ ಕಡಲಹುಳು.
ಮರಳಲ್ಲಿ ಹುಗಿದು ಬದುಕುವ, ಓಕ್ ಕಾಯಿ ಮೂತಿಯದು ಇದೆಯಲ್ಲ,
ಅದು ಅವರ್ಯಾರಿಗೂ ಅಲ್ಲ, ನಮಗೇ ದಾಯಾದಿ ಅಂದೆ.
ನಕ್ಕು ನಕ್ಕು ನಾನು ತಕ್ಕಡಿ ತಪ್ಪಿಸಿದೆ.

ಹಾಗಾದರೆ ನನ್ನ ಗೇಬುಲ್?
ಉಂಗುರವಿಲ್ಲ, ಗೆರೆಯಿಲ್ಲ, ಒಂದೇ ಚೀಲ.
ಅದಕ್ಕೆ ಅದರದೇ ಬೇರೆ ವಂಶ, ಅಂದೆ.
ಅವತ್ತು ಸಂತೆಗೆಲ್ಲ ಹೇಳಿಕೊಂಡು ಬಂದೆ,
ಸಿಂಪಿಯವರಿಗೆ, ಕಪ್ಪೆಚಿಪ್ಪಿನವರಿಗೆ, ಐಸ್ ಹೊರುವ ಹುಡುಗನಿಗೆ:
ನಮ್ಮದು ಬೇರೆ ವಂಶ ಕಣ್ರೋ, ಚೌಕಾಸಿ ಬೇಡ.

ಈಗ ಕೂದಲು ನೆರೆತು ಬಂದು
ಚಹಾ ಆರುವವರೆಗೆ ಸುಮ್ಮನಿದ್ದು ಹೇಳುತ್ತೀಯ:
ತಪ್ಪಾಗಿತ್ತು, ಚಿಕ್ಕಮ್ಮ.
ಜೀನುಗಳನ್ನು ಓದಿ ನೋಡಿದರು,
ಗೇಬುಲ್ ಉಂಗುರದವರ ಮನೆಯದೇ.
ಮರಿಯಾಗಿದ್ದಾಗ ಅದರ ನರದಲ್ಲಿ
ತುಂಡು ತುಂಡಾಗಿ ಹಳೆಯ ಲೆಕ್ಕ ಕಾಣುತ್ತದೆ,
ಬೆಳೆಯುತ್ತ ಅಳಿಸಿಹೋಗುತ್ತದೆ.
ಆ ಬೇರೆ ವಂಶವನ್ನು ಪುಸ್ತಕದಿಂದ ತೆಗೆದಾಯಿತು.

ತೆಗೆಯಿರಿ.
ನನಗೆ ಇದು ಹೊಸದಲ್ಲ.
ಮದುವೆಯ ವಾರ, ಇಪ್ಪತ್ತೊಂದು ವರ್ಷ ನನಗೆ,
ಕಚೇರಿಯ ಗುಮಾಸ್ತ ಅಪ್ಪನ ಮನೆತನದ ದಫ್ತರದಲ್ಲಿ
ನನ್ನ ಹೆಸರಿಗೆ ಅಡ್ಡಗೀಟು ಎಳೆದ.
ಮಾ ಬೊಂಗ್-ನ್ಯೊ, ಗಂಡನ ದಫ್ತರದ ಕೊನೆಯ ಸಾಲಿಗೆ.
ಹೊರಗೆ ಬಂದು ಕೈ ನೋಡಿಕೊಂಡೆ. ಅದೇ ಕೈ.
ಹೆಬ್ಬೆರಳ ಬುಡದಲ್ಲಿ ಸಿಂಪಿ ಕೊಯ್ದ ಅದೇ ಗಾಯ.
ಈಗ ಆ ದಫ್ತರವನ್ನೇ ಸರ್ಕಾರ ಮುಚ್ಚಿದೆಯಂತೆ,
ಯಾವ ಸಾಲಿನಲ್ಲಿದ್ದೇನೋ, ಕೇಳಲು ನಾನು ಹೋಗಿಲ್ಲ.

ಒಂದು ಮಾತು ಕೇಳಲೇ?
ಉಂಗುರ ಯಾಕೆ ಅಳಿಸಿಕೊಂಡಿತಂತೆ ಅದು?
ಗೊತ್ತಿಲ್ಲ ಅನ್ನುತ್ತೀಯ. ಗೊತ್ತಿಲ್ಲ ಅನ್ನುವಾಗ
ನಿನ್ನ ಮುಖ ಆ ಕೆಸರಿನ ಹುಡುಗಿಯದೇ.

ತಾ ಸೀಸೆ. ಆರು ಸಾಕೇ?
ಕೊಯ್ದರೆ ಕೆಂಪಗೆ ಚಿಮ್ಮುತ್ತದೆ, ಕೋಟು ಹುಷಾರು.
ಏಳನೆಯದು ನನ್ನ ಲೆಕ್ಕ,
ಅದನ್ನು ಸೀಸೆಗೆ ಹಾಕಬೇಡ.
ಎಳ್ಳೆಣ್ಣೆಗೆ ಉಪ್ಪು ಉದುರಿಸಿದ್ದೇನೆ, ಅದ್ದಿ
ಇಲ್ಲೇ ಕೂತು ತಿನ್ನು.